ಏಳು ಮನೆಗೆ ಕೊಟ್ಟ ಮಾತು

ಡೊಂಬಿವಲಿ ಪೂರ್ವ
14-11-2025, ಶುಕ್ರವಾರ

ತಂಗಿ ಶರ್ಮಿಳಾಗೆ ಸುಂದರಿ ಅಕ್ಕನ ಆಶೀರ್ವಾದ.

ಎಂಟು ದಿನದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತಲಿಲ್ಲ. ನನಗೆ ಹುಷಾರಿಲ್ಲ ಎಂದು ಸೊಸೆ ಹೇಳಿದ್ದು ಸುಳ್ಳು, ನಾನೇ ಹೇಳಿಸಿದ್ದು. ತಪ್ಪಾಯಿತು. ಈ ಶಬ್ದ ನನ್ನ ಬಾಯಿಂದ ಎಷ್ಟು ಸಲ ಬಂದಿದೆ ಎಂದು ನಿನಗೆ ಗೊತ್ತುಂಟು.

ನಿನ್ನ ಮಂಡಿನೋವು ಹೇಗಿದೆ? ನೆರೂಳಿನ ಡಾಕ್ಟರು ಹೇಳಿದ ವ್ಯಾಯಾಮ ನೀನು ಮಾಡುವುದಿಲ್ಲ ಎಂದು ನನಗೆ ಖಾತ್ರಿ. ಇಲ್ಲಿ ಹೋಟೆಲು ನಡೆಯುತ್ತಿದೆ. ಹೊಸ ಭಟ್ಟನ ಸಾಂಬಾರು ಮಾತ್ರ ದಿನಕ್ಕೊಂದು ರುಚಿ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಏಕೆಂದರೆ ಈ ಪತ್ರದ ಒಂದು ಪ್ರತಿ ಅಪೇಕ್ಷಾಳ ವಕೀಲೆ ರಮಿತಾಳ ಫೈಲಿಗೆ ಹೋಗುತ್ತದೆ.

ನನ್ನ ಮಗಳು ಅಪೇಕ್ಷಾ ಬ್ಯಾಂಕಿನ ಕೆಲಸ ಬಿಟ್ಟು ಎರಡು ವರ್ಷವಾಯಿತು. ವೆಂಚರ್ ಫಂಡ್ ಮಾಡುತ್ತೇನೆ ಎಂದಳು. ಹತ್ತಾರು ಜನರ ಹಣ ಸೇರಿಸಿ ವಾಗ್ಳೆ ಎಸ್ಟೇಟು, ಅಂಬರನಾಥದ ಕಾರ್ಖಾನೆ ಪ್ರದೇಶಗಳಲ್ಲಿ ಹೊಸ ಯಂತ್ರ ಮಾಡುವ ಸಣ್ಣ ಕಂಪನಿಗಳಿಗೆ ಹಾಕುವುದು, ಬದಲಿಗೆ ಪಾಲು ತೆಗೆದುಕೊಂಡು ಎಂಟು ಹತ್ತು ವರ್ಷ ಕಾಯುವುದು.

"ಹತ್ತು ಕಂಪನಿಯಲ್ಲಿ ಆರು ಮುಳುಗುತ್ತವೆ ಅಮ್ಮ. ಒಂದೆರಡು ಎದ್ದು ಎಲ್ಲವನ್ನೂ ತುಂಬಿಕೊಡುತ್ತವೆ" ಎಂದಳು.

"ಹತ್ತು ವಡೆಯಲ್ಲಿ ಆರು ಸೀದರೆ ನಾನು ಭಟ್ಟನನ್ನು ಊರಿಗೆ ಕಳಿಸುತ್ತೇನೆ" ಎಂದೆ. ಅವಳು ನಕ್ಕಳು. ಆಗ ಇನ್ನೂ ನಗುತ್ತಿದ್ದಳು.

ಎಪ್ಪತ್ತು ಜನರ ಎದುರು ಕೂತು ಬಂದಳು. "ಮೊದಲನೇ ಫಂಡಾ? ಎರಡನೆಯದು ಮಾಡುವಾಗ ಬನ್ನಿ" ಎಂದನಂತೆ ಒಬ್ಬ. ಯಾರು ಯಾಕೆ ಬೇಡವೆಂದರು ಎಂದು ಪ್ರತಿ ಸಂಜೆ ಬರೆದಿಟ್ಟು, ಮರುದಿನ ತನ್ನ ಕಾಗದ ತಿದ್ದುತ್ತಿದ್ದಳು. ಸರ್ಕಾರದ ನೋಂದಣಿ ಸಿಕ್ಕಿತು. ಆದರೆ ಇಪ್ಪತ್ತು ಕೋಟಿ ಸೇರದೆ ಶುರು ಮಾಡುವಂತಿಲ್ಲ. ಹದಿನೈದಕ್ಕೆ ಬಂದು ನಿಂತಿತು.

ಆಗ ನಾನು ಕೈ ಹಾಕಿದೆ. ನಮ್ಮ ಹೋಟೆಲಿನವರ ಕ್ರಮ ನಿನಗೆ ಗೊತ್ತೇ ಇದೆ. ಯಾರಾದರೂ ಹೊಸ ಹೋಟೆಲು ತೆರೆಯುವಾಗ ಹಿರಿಯರೊಬ್ಬರು ನಡುವೆ ನಿಂತು "ನಾನಿದ್ದೇನೆ" ಎಂದರೆ ಸಾಕು, ಕಾಗದ ಕೇಳುವುದಿಲ್ಲ. ಮುಳುಗಿದರೆ ನಿಂತವರು ತುಂಬಬೇಕು. ಕಲ್ಯಾಣದಿಂದ ವಾಶಿವರೆಗೆ ಎಷ್ಟು ಹೋಟೆಲುಗಳು ಹಾಗೆ ಎದ್ದಿವೆ! ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಊಟವಾದ ಮೇಲೆ ನಾನು ಏಳು ಮನೆಯವರಿಗೆ ಬೇರೆ ಬೇರೆಯಾಗಿ ಹಾಗೆಯೇ ಹೇಳಿದೆ. ಒಬ್ಬೊಬ್ಬರು ಒಂದೊಂದು ಕೋಟಿಗೆ ಸಹಿ ಹಾಕಿದಿರಿ. ಅಪೇಕ್ಷಾಗೆ ನಾನು ಹೇಳಲಿಲ್ಲ.

ಹೋದ ಗುರುವಾರ ಅವಳ ಆಫೀಸಿನಲ್ಲಿ ಎಲ್ಲರೂ ಸೇರಿದ್ದಾಗ ನಿನ್ನ ಯಜಮಾನರು ಮೋಹನದಾಸರು ಕೇಳಿದರು, "ನಷ್ಟವಾದರೆ ಯಾರದ್ದು ಮಗಾ?"

"ಎಲ್ಲರದ್ದೂ ಚಿಕ್ಕಪ್ಪ. ಅವರವರ ಪಾಲಿನಷ್ಟು."

ಮೋಹನದಾಸರು ಹೊಟ್ಟೆ ಕುಣಿಸಿ ನಕ್ಕರು. "ನಮ್ಮದು ಹೋಗುವುದಿಲ್ಲ ಬಿಡು. ಅಕ್ಕ ಮಾತು ಕೊಟ್ಟಿದ್ದಾರಲ್ಲ!"

ರಮಿತಾ ಬರೆಯುವುದನ್ನು ನಿಲ್ಲಿಸಿದಳು. ಪುಣೆಯಿಂದ ಬಂದಿದ್ದ, ಎಲ್ಲರಿಗಿಂತ ದೊಡ್ಡ ಪಾಲು ಹಾಕುವ ಕಾರ್ಖಾನೆಯವರು ಮುಖ ಮುಖ ನೋಡಿಕೊಂಡರು. ಅಪೇಕ್ಷಾ ನನ್ನ ಕಡೆ ತಿರುಗಿ, "ಅಮ್ಮ, ಯೇ ಚೀಟಿ ನಹೀ ಹೈ, ಇದು ಚೀಟಿ ವ್ಯವಹಾರ ಅಲ್ಲ. ಎಷ್ಟು ಮನೆಗೆ ಹೇಳಿದ್ದೀರಿ?" ಎಂದಳು.

"ಏಳು."

ಅವಳು ಎದ್ದು ನಿಂತು ಎಲ್ಲರಿಗೂ ಹೇಳಿದಳು. "ಈ ಫಂಡಿನಲ್ಲಿ ಯಾರಿಗೂ ಭರವಸೆ ಇಲ್ಲ, ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು ಇಲ್ಲ, ನನ್ನ ತಾಯಿಗೆ ಇಲ್ಲಿ ಮಾತು ಕೊಡುವ ಅಧಿಕಾರ ಇಲ್ಲ." ಐವತ್ತು ವರ್ಷದಲ್ಲಿ ನನ್ನ ಎದುರು ಯಾರೂ ಹಾಗೆ ಹೇಳಿರಲಿಲ್ಲ.

ಏಳು ಮನೆಗೂ ನಾನೇ ಬರೆದು ತಿಳಿಸಬೇಕು, ಬೇಡವಾದವರು ಹೊರಗೆ ಹೋಗಬಹುದು ಎಂದಳು ರಮಿತಾ. ಇದು ಏಳನೆಯ ಪತ್ರ. ನಿನ್ನದನ್ನು ಬೇಕೆಂದೇ ಕೊನೆಗೆ ಇಟ್ಟೆ. ಈಗ ಸ್ಪಷ್ಟವಾಗಿ ಬರೆಯುತ್ತೇನೆ: ನಾನು ನಿಮಗೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ನಿಮ್ಮ ಹಣ ಪೂರ್ತಿ ಹೋಗಬಹುದು. ಹೋದರೆ ನಾನು ತುಂಬಿಕೊಡುವುದಿಲ್ಲ.

ಎರಡು ಮನೆಯವರು ಈಗಾಗಲೇ ಹೊರಗೆ ಹೋದರು. ಈಗ ಸರಿಯಾಗಿ ಇಪ್ಪತ್ತು ಕೋಟಿ. ನೀವೂ ಹೋದರೆ ಸೋಮವಾರ ಫಂಡ್ ಶುರುವಾಗುವುದಿಲ್ಲ. ಪುಣೆಯವರು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ, ಅವರು ಹೋದರೆ ಎಲ್ಲವೂ ಹೋದ ಹಾಗೆ.

"ಅಕ್ಕ, ನೀನು ಇರು ಅಂದ್ರೆ ಇರ್ತೇವೆ, ಬೇಡ ಅಂದ್ರೆ ಬಿಡ್ತೇವೆ, ಒಂದು ಮಾತು ಹೇಳು" ಎಂದು ಮೊಬೈಲಿಗೆ ಮಾತಾಡಿ ಕಳಿಸಿದ್ದೀ. ನಾನು ಅದನ್ನು ನಾಲ್ಕು ಸಲ ಕೇಳಿದೆ. ಆ ಒಂದು ಮಾತು ನಾನು ಹೇಳುವಂತಿಲ್ಲ ಶರ್ಮಿಳಾ. ನಾನು ಇರು ಎಂದರೆ ಅದು ಮತ್ತೆ ಜಾಮೀನೇ ಆಗುತ್ತದೆ. ಅಪೇಕ್ಷಾ ಕೊಟ್ಟ ಕಾಗದವನ್ನು ನೀವಿಬ್ಬರೂ ಕೂತು ಓದಿ. ಅರ್ಥವಾಗದಿದ್ದರೆ ಅವಳನ್ನೇ ಕೇಳಿ, ನನ್ನನ್ನಲ್ಲ. ಸೋಮವಾರ ಹನ್ನೆರಡು ಗಂಟೆಯೊಳಗೆ ಅವಳಿಗೆ ತಿಳಿಸಿ.

ಪತ್ರವನ್ನು ನಮ್ಮ ಮ್ಯಾನೇಜರ್ ಮಾನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಊಟ ಹಾಕಿ ಕಳಿಸು. ನೀವು ಯಾವ ಕಡೆ ತೀರ್ಮಾನಿಸಿದರೂ ನನ್ನ ಮನೆಯ ಬಾಗಿಲು ನಿಮಗೆ ಮೊದಲಿನ ಹಾಗೆಯೇ ಇರುತ್ತದೆ. ದೇವರು ನಿಮ್ಮಿಬ್ಬರಿಗೆ ಆಯುಸ್ಸು ಕೊಡಲಿ, ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಕ್ಕ,
ಸುಂದರಿ

ತಾ.ಕ.: ಈ ಚಿಕ್ಕ ಹಾಳೆ ಬೇರೆ, ನಿನಗೆ ಮಾತ್ರ. ಫೈಲಿಗೆ ಹೋಗುವುದಿಲ್ಲ.

ಅಪೇಕ್ಷಾ ಮೊತ್ತಮೊದಲ ಫಾರಂ ತಂದು ಕೊಟ್ಟದ್ದು ನನಗೆ, ಹೋದ ವರ್ಷ. "ಮುಳುಗಿದರೆ?" ಎಂದೆ. "ಮುಳುಗಬಹುದು" ಎಂದಳು. ಖಾಲಿ ಫಾರಂ ಹಿಂದೆ ಕೊಟ್ಟೆ. ಆಮೇಲೆ ನಿಮ್ಮೆಲ್ಲರನ್ನು ಕಳಿಸಿದೆ. ಏಳು ಮನೆಗೆ ನಾನು ಜಾಮೀನು ನಿಂತದ್ದು ಅವಳ ಮೇಲೆ ನಂಬಿಕೆ ಇದ್ದು ಅಲ್ಲ, ಇಲ್ಲದೆ. ಅದು ಅವಳಿಗೆ ಗೊತ್ತಾಗಿದೆ.

ನಿನ್ನೆ ಚೆಕ್ ಬುಕ್ ಹಿಡಿದುಕೊಂಡು ಅವಳ ಆಫೀಸಿಗೆ ಹೋದೆ. ಕುಡಿಯಲು ನೀರು ಕೊಟ್ಟಳು, ಫ್ಯಾನು ಜೋರು ಮಾಡಿದಳು. ಆಮೇಲೆ ಹೇಳಿದಳು, "ಒಂದು ಕೋಟಿ ಕಡಿಮೆಯಾಗಿ ಫಂಡ್ ನಿಂತುಹೋದರೂ ಪರವಾಗಿಲ್ಲ. ನಿಮ್ಮದು ಬೇಡ, ಅಮ್ಮ."