ಅಕ್ಕನ ಮಾತಿಲ್ಲದೆ ಎದ್ದ ಆ್ಯಪ್

ಮಾರ್ಚ್ ೧೨, ಗುರುವಾರ

ಆಸ್ಪತ್ರೆಯ ಆ್ಯಪ್ ಬೆಳಗಿನಿಂದ ಏಳಲೇ ಇಲ್ಲ. ಶುರುಮಾಡಿದರೆ ಎರರ್ ಕಾರಿ ಮಲಗಿಬಿಡುತ್ತಿತ್ತು. ಹುಡುಕಿದರೆ, ತಪ್ಪು ಅಕ್ಕ ಮಾಡಿಕೊಟ್ಟ ಅನುವಾದದ ಫೈಲಿನಲ್ಲಿ. ರೋಗಿಯ ಹೆಸರು, ತಾರೀಖು ಬಂದು ಕೂರಲೆಂದು ಬ್ರಾಕೆಟ್ಟಿನಲ್ಲಿ ಬಿಟ್ಟ, ಮುಟ್ಟಲೇಬಾರದ ಇಂಗ್ಲಿಷ್ ಗುರುತುಗಳನ್ನೂ ಪ್ರತಿ ಸಾಲಿನಲ್ಲೂ ಕನ್ನಡಕ್ಕೆ ತಂದಿದ್ದಾಳೆ. ಕಳೆ ಕೀಳು ಎಂದರೆ ಪೈರನ್ನೂ ಕೀಳುವಷ್ಟು ಶ್ರದ್ಧೆ ಅವಳದು.

"ಎರಡು ದಿನ ಕೊಡಿ ಸಾರ್, ಸರಿ ಮಾಡ್ತೀನಿ."

"ನಾಳೆ ಉದ್ಘಾಟನೆ ಕಣಯ್ಯ! ಆ ಫೈಲ್ ಕಿತ್ತು ಬಿಸಾಕು. ಇಂಗ್ಲಿಷಲ್ಲೇ ಓಡ್ಲಿ," ಎಂದರು ಮ್ಯಾನೇಜರ್.

ಕಿತ್ತೆ. ತಕ್ಷಣ ಎದ್ದಿತು.

ಸಂಜೆ ಅಕ್ಕನ ಫೋನ್. "ಎದ್ದಿತೇನೋ? ಇನ್ನು ಅಮ್ಮ ಯಾರನ್ನೂ ಕೇಳ್ದೆ ತಾನೇ ಓದ್ಕೊಂಡು ಡಾಕ್ಟರ ಟೈಮ್ ತಗೋತಾಳಂತೆ."

"ಎದ್ದಿತು ಅಕ್ಕ," ಎಂದೆ.

ಹಿಂದಿನಿಂದ ಅಮ್ಮನ ದನಿ: "ನನ್ ಕನ್ನಡಕ ಎಲ್ಲೇ?"

ಆಗಲೇ ಹೇಳಬೇಕಿತ್ತು. ನಾಳೆ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ತೆರೆದು, ಇಲ್ಲದ ಕನ್ನಡವನ್ನು ಹುಡುಕುತ್ತಾಳೆ.