ತಾಂಬೂಲದ ಮೇಲಿನ ರೂಪಾಯಿ

ತರೀಕೆರೆ,
೯ ಆಗಸ್ಟ್ ೧೯೩೧, ಭಾನುವಾರ

ಪ್ರೀತಿಯ ಕಲ್ಲಪ್ಪನಿಗೆ ಓಂಕಾರಮೂರ್ತಿಯ ನಮಸ್ಕಾರ.

ಇಲ್ಲಿ ಎಲ್ಲರೂ ಆರೋಗ್ಯ. ಚೌಳಹಿರಿಯೂರಿನಲ್ಲಿ ನೀನು, ತಂಗಿ ತೀರ್ಥಮ್ಮ, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ತಡವಾದದ್ದಕ್ಕೆ ಸ್ಕೂಲಿನ ಕೆಲಸ, ಇನ್‌ಸ್ಪೆಕ್ಟರರ ಭೇಟಿ, ನನ್ನ ಮಂಡಿನೋವು ಎಂದು ಮೂರು ನೆಪ ಹೊಂದಿಸಿಟ್ಟುಕೊಂಡಿದ್ದೆ. ಮೂರೂ ಸುಳ್ಳಲ್ಲ, ಆದರೆ ಕಾರಣ ಅವಲ್ಲ. ಬರೆಯಲು ಕೂತಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು.

ನೀನು ಬಸ್ಸಿನಲ್ಲಿ ಕಳಿಸಿದ ತೆಂಗಿನಕಾಯಿ ಮೂಟೆ ತಲುಪಿತು. "ಪಾಪ, ವರ್ಷಾ ವರ್ಷಾ ಕಳಿಸ್ತಾರಲ್ರೀ! ನೀವೇನ್ ಮಾಡಿದ್ರಿ ಅವ್ರಿಗೆ ಅಂಥಾದ್ದು?" ಎಂದು ವಿಶಾಲಾಕ್ಷಿ ಕೇಳಿದಳು. ಹದಿನೆಂಟು ವರ್ಷ ಮಕ್ಕಳ ಮೇಲೆ ಗದರಿ ಪಳಗಿದ ಹೆಡ್‌ಮಾಸ್ಟರು ನಾನು, ಹೆಂಡತಿಯ ಈ ಪ್ರಶ್ನೆಗೆ ಪೇಪರು ಅಡ್ಡ ಹಿಡಿದು ಕೂತೆ.

ನಿನ್ನ ಶಿವಮೂರ್ತಿ ಕಾಲೇಜಿನ ಫುಟ್‌ಬಾಲ್ ಟೀಮಿಗೆ ಸೇರಿದ್ದು ಓದಿ ತುಂಬ ಸಂತೋಷವಾಯಿತು. ಅಪ್ಪನ ಕಾಲೇ ಮಗನಿಗೂ ಬಂದಿದೆ. ಬೆಂಗಳೂರಿನ ಯಾರೋ ಜವಳಿ ಸಾಹುಕಾರರು, ಚೆನ್ನಾಗಿ ಆಡು, ತಿಂಗಳಿಗೆ ಎಂಟು ರೂಪಾಯಿ ಕೊಡುತ್ತೇನೆ, ಯಾರ ಹತ್ತಿರವೂ ಬಾಯಿಬಿಡಬೇಡ ಎಂದರಂತಲ್ಲ. "ಹುಡುಗ ತಗೋಬೇಕೋ ಬ್ಯಾಡ್ವೋ, ನೀನೇ ಹೇಳು. ಅವತ್ತು ನನ್ ಪರ ನಿಂತೋನು ನೀನೊಬ್ನೇ ಕಣೋ" ಎಂದು ಬರೆದಿದ್ದೀಯ. ಆ ಕೊನೆಯ ಸಾಲು ಓದಿ ಕಾಗದ ಮಡಿಸಿ ಕೋಟಿನ ಜೇಬಿಗೆ ಹಾಕಿದವನು ನಿನ್ನೆಯವರೆಗೂ ಹೊರಗೆ ತೆಗೆಯಲಿಲ್ಲ.

ನಿನಗೂ ನೆನಪಿರಬೇಕು, ಸನ್ ೧೯೧೧ರ ದಸರಾ ರಜೆ. ಕಾಲೇಜಿನ ಟೀಮನ್ನು ನಮ್ಮೂರಿಗೇ ಕರೆತಂದು ಒಂದು ಪಂದ್ಯ ಆಡಿಸಿದರು. ಎಲ್ಲರೂ ಬೂಟು ಹಾಕಿದ್ದರು, ನೀನು ಬರಿಗಾಲು. ನಾಲ್ಕು ಗೋಲು ಹೊಡೆದೆ. ಅಡಿಕೆ ವರ್ತಕರು ಚನ್ನಬಸಪ್ಪನವರು ಓಡಿ ಬಂದು, ವೀಳ್ಯದೆಲೆ ಅಡಿಕೆಯ ಮೇಲೆ ಒಂದು ಬೆಳ್ಳಿ ರೂಪಾಯಿ ಇಟ್ಟು, "ತಗೊಳ್ಳಪ್ಪಾ ಮಗಾ, ಇವತ್ತು ಕಣ್ ತುಂಬ್ತು" ಎಂದು ಎರಡೂ ಕೈಯಲ್ಲಿ ಹಿಡಿದರು. ನೀನು ಹಿಂದೆ ಮುಂದೆ ನೋಡಿದೆ. ನಿನ್ನ ಮೊಣಕೈ ತಿವಿದು, "ಲೇ, ತಾಂಬೂಲ ಬ್ಯಾಡ ಅಂದ್ರೆ ಹಿರೀರಿಗೆ ಅವಮಾನ ಮಾಡ್ದಂಗೆ, ತಗೋ" ಎಂದವನು ನಾನು. ತಪ್ಪೇನು ಹೇಳಿದ್ದೆ? ನಮ್ಮ ಕಡೆ ಯಾರು ತಾಂಬೂಲ ಬೇಡ ಎನ್ನುತ್ತಾರೆ? ಬೀರೂರಿನಲ್ಲಿ ರೈಲು ಬದಲಿಸುವಾಗ ನೀನು ಆ ರೂಪಾಯಿ ಮುರಿಸಿ ಟೀಮಿನವರಿಗೆಲ್ಲ ಕಡಲೆಕಾಯಿ, ಬೆಲ್ಲ ಹಂಚಿದೆ. ನಾನೂ ತಿಂದೆ, ಎಲ್ಲರಿಗಿಂತ ಹೆಚ್ಚೇ ತಿಂದೆ.

ಡಿಸೆಂಬರಿನಲ್ಲಿ ದೊಡ್ಡ ಪಂದ್ಯಕ್ಕೆ ಮೂರು ದಿನವಿರುವಾಗ ಪ್ರಿನ್ಸಿಪಾಲರಿಗೆ ಮೂಗರ್ಜಿ ಬಂತು: ಕಲ್ಲಪ್ಪ ಹಣಕ್ಕೆ ಆಡುವವನು, ತರೀಕೆರೆಯಲ್ಲಿ ಕೂಲಿ ತೆಗೆದುಕೊಂಡಿದ್ದಾನೆ ಎಂದು. ಹಣ ಮುಟ್ಟಿದವನಿಗೆ ಟೀಮಿನಲ್ಲಿ ಜಾಗವಿಲ್ಲ, ಫೀಸಿನ ಮಾಫಿಯೂ ಇಲ್ಲ, ಅದು ಆಗಿನ ರೂಲು. ನಿನ್ನ ಜೊತೆ, ಆ ಊರಿನವನೆಂದು ನನ್ನನ್ನೂ ಕರೆಸಿದರು. "ರೂಪಾಯಿ ತೆಗೆದುಕೊಂಡೆಯಾ?" ಎಂದರೆ ನೀನು "ತಗೊಂಡೆ ಸಾರ್" ಎಂದುಬಿಟ್ಟೆ! ಸುಳ್ಳು ಹೇಳಲು ನಿನಗೆ ಎಂದು ಬಂದಿತ್ತು? ನಾನು ಎದ್ದು, "ಅದು ಕೂಲಿಯಲ್ಲ ಸಾರ್, ತಾಂಬೂಲ, ನಮ್ಮ ಕಡೆಯ ಪದ್ಧತಿ" ಎಂದೆ. ನೀನು ಇಪ್ಪತ್ತು ವರ್ಷದಿಂದ ಕಾಯಿ ಕಳಿಸುತ್ತಿರುವುದು ಆ ಒಂದು ಮಾತಿಗೆ.

ಅವರು ಕೇಳಲಿಲ್ಲ. ಆಟವನ್ನು ಆಟಕ್ಕಾಗಿ ಆಡಬೇಕು ಎಂದು ಉಪದೇಶ ಮಾಡಿದರು. ಆಗ ನೀನು ಅಂದದ್ದು ಈಗಲೂ ಕಿವಿಯಲ್ಲಿದೆ: "ಟಿಕೀಟು ಮಾರೋದು ನನ್ ಕಾಲ್ ನೋಡೋಕೆ ತಾನೇ ಸಾರ್? ಆ ಕಾಲಿಗೆ ಮುದ್ದೆ ಹಾಕೋರು ಯಾರು?" ನಿಜ ತಾನೆ! ಮೈದಾನದ ಸುತ್ತ ಹಗ್ಗ ಕಟ್ಟಿ, ಕುರ್ಚಿಗೆ ನಾಲ್ಕಾಣೆ, ನೆಲಕ್ಕೆ ಒಂದಾಣೆ ವಸೂಲು ಮಾಡುತ್ತಿದ್ದರು. ನಿನ್ನ ಆಟ ಮುಗಿಯುವ ಹೊತ್ತಿಗೆ ನಾವಿದ್ದ ಮಠದ ಹಾಸ್ಟೆಲಿನಲ್ಲಿ ಊಟದ ಗಂಟೆ ಹೊಡೆದು ಪಾತ್ರೆ ತೊಳೆದಾಗಿರುತ್ತಿತ್ತು. ನಾನು ಮೀಸಲು ಆಟಗಾರ, ಬೇಗ ಬರುತ್ತಿದ್ದೆ, ನಿನಗೆಂದು ಮುದ್ದೆ ಎತ್ತಿಡುತ್ತಿದ್ದೆ. ಕೆಲವು ದಿನ ಮರೆಯುತ್ತಿದ್ದೆ. ಮರುದಿನ ನೀನು ಎಂದಿನಂತೆ ನಗುತ್ತಲೇ ಮೈದಾನಕ್ಕೆ ಹೊರಡುತ್ತಿದ್ದೆ.

ಫೀಸು ಕಟ್ಟಲಾಗದೆ ನೀನು ಟ್ರಂಕು ಹೊತ್ತು ಊರಿಗೆ ಹೋದೆ. ನಾನು ಪಾಸಾಗಿ ಮೇಷ್ಟ್ರಾದೆ. ನೀನು ಮೇಷ್ಟ್ರಾಗಿದ್ದರೆ ಈ ಸ್ಕೂಲು ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಇದು ಉಪಚಾರದ ಮಾತಲ್ಲ ಕಣೋ.

ಈಗ ಕೇಳು, ಶಿವಮೂರ್ತಿ ಆ ಸಾಹುಕಾರರಿಂದ ಗುಟ್ಟಾಗಿ ಒಂದು ಕಾಸೂ ಮುಟ್ಟಕೂಡದು. ತೆಗೆದುಕೊಳ್ಳುವುದು ತಪ್ಪೆಂದು ಹೇಳುತ್ತಿಲ್ಲ. ಬೆವರು ಅವನದು, ಟಿಕೆಟ್ಟಿನ ಹಣ ಕಾಲೇಜಿನದು, ಹಸಿವು ಮತ್ತೆ ಅವನದೇ ಎಂದರೆ ಅದು ಯಾವ ನ್ಯಾಯ? ಕೊಡಲೇಬೇಕು, ಆದರೆ ಎಲ್ಲರೆದುರು ಕಾಲೇಜೇ ಕೊಡಬೇಕು. ಗುಟ್ಟಿನಲ್ಲಿ ತೆಗೆದುಕೊಂಡರೆ ಅವನ ಜುಟ್ಟು ಇನ್ನೊಬ್ಬನ ಕೈಯಲ್ಲಿರುತ್ತದೆ. ಬೆಳಿಗ್ಗೆ ಹಾಲು, ಸಂಜೆ ಬಿಸಿ ಊಟ, ಪಂದ್ಯಕ್ಕಿಷ್ಟು ಭತ್ಯ ಆಟಗಾರರಿಗೆ ಕೊಡಬೇಕೆಂದು ನಿನ್ನೆ ಅವನ ಕಾಲೇಜಿನ ಪ್ರಿನ್ಸಿಪಾಲರಿಗೆ ನನ್ನ ಹೆಸರು ಹಾಕಿ, ರುಜು ಮಾಡಿ ಬರೆದಿದ್ದೇನೆ. ಬರುವ ಶನಿವಾರ ನಾನೇ ಹೋಗಿ ಎದುರು ಕೂತು ಕೇಳುತ್ತೇನೆ. ನಿನಗಾಗಿ ನಾನು ಆಡಬೇಕಾಗಿದ್ದ ಮಾತು ಅದು.

ಮಗನಿಗೆ ನನ್ನ ಆಶೀರ್ವಾದ. ಅವನ ಕಾಲಿಗೆ ಯಾರ ಕಣ್ಣೂ ತಗಲದಿರಲಿ. ನಿಮ್ಮನ್ನೆಲ್ಲ ಶಿವನು ತಣ್ಣಗಿಟ್ಟಿರಲಿ.

ನಿನ್ನ,
ಓಂಕಾರಮೂರ್ತಿ

ಮರೆತ ಮಾತು: ಮರೆತದ್ದಲ್ಲ. ಇಷ್ಟೂ ಬರೆದದ್ದು ಇದನ್ನು ಬರೆಯುವ ಧೈರ್ಯಕ್ಕೆ. ಆ ಮೂಗರ್ಜಿ ಬರೆದವನು ನಾನು, ಕಲ್ಲಪ್ಪ. ದಸರೆಯ ನಂತರ ನನಗೂ ಟೀಮಿನಲ್ಲಿ ಆಡುವ ಜಾಗ ಸಿಕ್ಕಿದೆಯೆಂದು ನಮ್ಮಪ್ಪನಿಗೆ ಸುಳ್ಳು ಬರೆದಿದ್ದೆ. ಪಂದ್ಯ ನೋಡಲು ಬರುತ್ತೇನೆಂದು ಅವರ ಕಾಗದ ಬಂತು. ಒಂದು ಪಂದ್ಯಕ್ಕೆ ಮಾತ್ರ ನಿನ್ನನ್ನು ಕೂರಿಸುತ್ತಾರೆ, ಆ ಜಾಗ ನನಗೆ ಸಿಗುತ್ತದೆ ಎಂದುಕೊಂಡೆ. ಫೀಸಿನ ಮಾಫಿ ಹೋಗುತ್ತದೆಂದು, ದೇವರಾಣೆ, ಹೊಳೆಯಲಿಲ್ಲ. ಹೋದಾಗಲೂ ನಾನೇ ಬರೆದದ್ದೆಂದು ಬಾಯಿ ಬಿಡಲಿಲ್ಲ. ಪಂದ್ಯದ ದಿನ ನಾನು ಮುಟ್ಟಿದ ಒಂದು ಚೆಂಡೂ ನೆಟ್ಟಗೆ ಹೋಗಲಿಲ್ಲ. ಊರಿನ ಪಂದ್ಯ ನೋಡಿದ್ದ ಅಪ್ಪ, "ಆ ಬರಿಗಾಲಿನ ಹುಡುಗ ಎಲ್ಲೋ?" ಎಂದು ಕೇಳಿದರು.

ಅಕ್ಷರ ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದಿದ್ದೆ. ಬೆರಳಿಗೆಲ್ಲ ಮಸಿ. ಆ ಸಂಜೆ ನೀನು ನೋಡಿ, "ಏನೋ, ಎಡಗೈಗೂ ಮಸಿ ಬಳ್ಕೊಂಡಿದ್ದೀಯಲ್ಲೋ" ಎಂದು ನಕ್ಕು, ಹಾಸ್ಟೆಲಿನ ಅಡುಗೆಮನೆಯಿಂದ ನಿಂಬೆಹೋಳು ತಂದು, ನನ್ನ ಒಂದೊಂದೇ ಬೆರಳು ಹಿಡಿದು ಉಜ್ಜಿ ತೊಳೆದೆ. ನಾನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.