ಲಫಾಯೆಲೆ ಮಾವನ ಶಾಯಿ ಸೀಸೆ

ಮಾಂಗೆರೆ, ಆಕ್ಲೆಂಡ್
ಆಗಸ್ಟ್ ೧೪, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅದನ್ನೂ ಪಾದ್ರಿಯ ಹೆಂಡತಿಗೆ ಕೊಟ್ಟುಬಿಟ್ಟೆಯೋ? ನೀನು ಕಳಿಸಿದ ಕೋಕೋ ಎಲ್ಲಾ ತಮ್ಮನ ಹೊಟ್ಟೆಗೇ ಹೋಗುತ್ತಿದೆ. ಹಚ್ಚೆ ಹಾಕಿಸಿಕೊಂಡವನಿಗೆ ಶಕ್ತಿ ಬೇಕಂತೆ.

ತಮ್ಮ ಪೆಸಾಮಿನೊಗೆ ಸೊಂಟದಿಂದ ಮಂಡಿಯವರೆಗೆ ಹಾಕುತ್ತಿದ್ದ ಪೆಅ ಹಚ್ಚೆ ಹತ್ತು ದಿನ ನಿಂತುಹೋಗಿತ್ತಲ್ಲ, ಹಾಕುವ ಲಫಾಯೆಲೆ ಮಾವನಿಗೆ ಬೆನ್ನುನೋವು ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳಮ್ಮ. ನಿಲ್ಲಿಸಿದ್ದು ನಾನು. ತಪಾಸಣೆಗೆ ಹೋಗಬೇಕಾದ ಹಚ್ಚೆಯವರ ಪಟ್ಟಿಯಲ್ಲಿ ಮಾವನ ಹೆಸರು ನೋಡಿ, ಇದನ್ನು ಬೇರೆಯವರಿಗೆ ಕೊಡಿ ಅಂತ ನಗರಸಭೆಯಲ್ಲಿ ಕೇಳಿಕೊಂಡೆ. ನಮ್ಮ ದ್ವೀಪದ ಭಾಷೆ ಬಲ್ಲ ಆರೋಗ್ಯ ಇನ್ಸ್‌ಪೆಕ್ಟರ್ ನಾನೊಬ್ಬಳೇ ಅಂದರು. ಹೋದೆ. ಮಾವನ ಗ್ಯಾರೇಜು ನಮ್ಮ ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ಶಾಯಿಯ ಸೀಸೆಯ ಮೇಲೆ ಮಾತ್ರ ತಯಾರಿಸಿದವರ ಹೆಸರೇ ಇರಲಿಲ್ಲ. ಪರೀಕ್ಷೆಯ ವರದಿ ಬರುವವರೆಗೆ ಯಾರಿಗೂ ಹಾಕಬೇಡಿ ಅಂದೆ. ಪೆಸಾಮಿನೊ ಅಲ್ಲೇ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ಬೆನ್ನು ಮುಗಿದಿತ್ತು, ತೊಡೆ ಒಂದೇ ಆಗಿತ್ತು.

"ನಿನ್ನ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದ ಕೈ ಇದು. ಈಗ ಈ ಕೈ ತೊಳೆದಿದೆಯಾ ಅಂತ ನೋಡೋಕೆ ಬಂದ್ಯಾ?" ಅಂದರು ಮಾವ.

ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಚರ್ಚಿನಲ್ಲಿ ಹೆಂಗಸರು, ಆ ಮನೆಯ ಹುಡುಗ ನಾಚಿಕೆಯಿಲ್ಲದೆ ಅರ್ಧ ಪೆಅ ಹೊತ್ತುಕೊಂಡು ತಿರುಗುತ್ತಾನೆ ಅಂತ ನನ್ನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು. ಅಷ್ಟರಲ್ಲಿ ತಮ್ಮನಿಗೆ ಜ್ವರ ಬಂತು. ಹಚ್ಚೆಯ ಜ್ವರ, ತಾನಾಗಿ ಬಿಡುತ್ತೆ ಅಂದರು ಎಲ್ಲರೂ. ನಾನು ಕೇಳಲಿಲ್ಲ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ಮೂರನೇ ದಿನಕ್ಕೆ ಇಳಿಯಿತು.

ಆರನೇ ದಿನ ವರದಿ ಬಂತು. ಶಾಯಿಯಲ್ಲಿ ರಕ್ತಕ್ಕೆ ನಂಜೇರಿಸುವ ರೋಗಾಣು ಇತ್ತಮ್ಮ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಉಳಿದ ಸೀಸೆಗಳನ್ನೆಲ್ಲ ತಂದು ನನ್ನ ಮುಂದಿಟ್ಟರು. ಆಮೇಲೆ ಅದೇ ವ್ಯಾಪಾರಿಯ ಹತ್ತಿರ ಶಾಯಿ ಕೊಂಡ ಹಚ್ಚೆಯವರಿಗೆಲ್ಲ ತಾವೇ ಒಬ್ಬೊಬ್ಬರಿಗೂ ಫೋನ್ ಮಾಡಿದರು. "ನಮ್ಮ ಹುಡುಗೀನೇ ಕಂಡುಹಿಡಿದಿದ್ದು" ಅಂತ ಪ್ರತಿಸಲವೂ ಹೇಳಿದರು.

ಪರೀಕ್ಷೆಯಾದ ಹೊಸ ಶಾಯಿ ತರಿಸಿ ಮತ್ತೆ ಶುರುಮಾಡಿದರು, ಉಳಿದದ್ದೆಲ್ಲ ಮುಗಿಸಿ ಗುರುವಾರ ಕೊನೆಯ ಗುರುತನ್ನು ಹೊಕ್ಕುಳ ಮೇಲೆ ಹಾಕಿದರು. ತಾನು ಕೂಗಲೇ ಇಲ್ಲ ಅನ್ನುತ್ತಾನೆ ತಮ್ಮ. ನಂಬಬೇಡ, ಅವನ ತಲೆ ಹಿಡಿದುಕೊಂಡಿದ್ದವಳು ನಾನು.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಅಜ್ಜನ ಗೋರಿಯ ಮೇಲೆ ನನ್ನ ಹೆಸರಿನಲ್ಲಿ ಒಂದು ಹೂವಿಡು.

ನಿನ್ನ ಮಗಳು,
ಲೂಪೆ

ಮರೆತಿದ್ದೆ: ನಿನ್ನನ್ನು ಫೋನಿನಲ್ಲಿ ಕೇಳಲು ಧೈರ್ಯ ಬರಲಿಲ್ಲ. ನನಗೂ ಮಾಲು ಹಚ್ಚೆ ಹಾಕುತ್ತೀರಾ, ನಮ್ಮ ಹೆಂಗಸರು ತೊಡೆಗೆ ಹಾಕಿಸಿಕೊಳ್ಳುವಂತೆ, ಅಂತ ಮಾವನನ್ನು ನಿನ್ನೆ ಕೇಳಿದೆ. "ನಿಮ್ಮಮ್ಮ ಹ್ಞೂ ಅಂದ್ರೆ ನಾಳೇನೇ ಕೂರು" ಅಂದರು. ಹ್ಞೂ ಅನ್ನಮ್ಮಾ.